ಮಗಳು ಟೆಕ್ಸಸ್‌ನಲ್ಲಿ ಚುನಾವಣೆಗೆ ನಿಲ್ಲುತ್ತಾಳಂತೆ, ಮೈಸೂರಿನ ಸೈಟು ಮಾರಿ ದುಡ್ಡು ಕಳಿಸಬಹುದೇ?

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಬ್ಯಾಂಕ್ ನೌಕರ. ಒಬ್ಬಳೇ ಮಗಳು, 41 ವರ್ಷ. ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ, ಕೆಲವು ವರ್ಷಗಳ ಹಿಂದೆ ಅಮೆರಿಕದ ಪೌರತ್ವ ಪಡೆದಿದ್ದಾಳೆ. ಅಳಿಯನಿಗೂ ಕೆಲಸವಿದೆ, ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. 2028ರಲ್ಲಿ ಟೆಕ್ಸಸ್ ರಾಜ್ಯದ ಶಾಸನಸಭೆಗೆ ನಿಲ್ಲುತ್ತೇನೆ ಎಂದು ಪಟ್ಟು ಹಿಡಿದಿದ್ದಾಳೆ. ಅಲ್ಲಿ ಶಾಸಕರ ಸಂಬಳ ತಿಂಗಳಿಗೆ 600 ಡಾಲರ್ ಎಂದು ತಿಳಿದು ಗಾಬರಿಯಾಯಿತು. ಅಲ್ಲೇ ಹುಟ್ಟಿದವರು ಮಾತ್ರ ನಿಲ್ಲಬಹುದು ಎನ್ನುವವರೂ ಇದ್ದಾರೆ. ಪಕ್ಷದ ಟಿಕೆಟ್‌ಗೆ ಎಷ್ಟು ಕೊಡಬೇಕಾಗುತ್ತದೋ ಗೊತ್ತಿಲ್ಲ. ನನ್ನ ಹೆಸರಿನಲ್ಲಿ ಒಂದು ಸೈಟಿದೆ, ಮಾರಿ ಅವಳ ಚುನಾವಣೆಗೆ ಕಳಿಸೋಣ ಎಂದು ನಾವಿಬ್ಬರೂ ಯೋಚಿಸಿದ್ದೇವೆ. ಕೆಲಸ ಬಿಟ್ಟು ಇದಕ್ಕಿಳಿದರೆ ಸಂಸಾರ ನಡೆಯುವುದು ಹೇಗೆ?

ಉತ್ತರ: ಮೊದಲು ಸೈಟಿನ ಮಾತು, ಏಕೆಂದರೆ ಅದು ತುರ್ತು. ದಯವಿಟ್ಟು ಮಾರಿ ಕಳಿಸಬೇಡಿ. ಅಮೆರಿಕದ ಪ್ರಜೆಯಲ್ಲದ, ಗ್ರೀನ್ ಕಾರ್ಡೂ ಇಲ್ಲದ ಯಾರೂ ಅಲ್ಲಿನ ಚುನಾವಣೆಗೆ ಒಂದು ಡಾಲರ್ ಕೂಡ ಕೊಡುವಂತಿಲ್ಲ. ಇದು ಅಮೆರಿಕದ ಕೇಂದ್ರ ಸರ್ಕಾರದ ಕಾನೂನು. ಅಧ್ಯಕ್ಷರ ಚುನಾವಣೆಯಿಂದ ಊರಿನ ಸ್ಕೂಲ್ ಬೋರ್ಡಿನ ಚುನಾವಣೆಯವರೆಗೆ ಎಲ್ಲದಕ್ಕೂ ಅನ್ವಯಿಸುತ್ತದೆ. ತಂದೆ ತಾಯಿ ಎಂಬ ವಿನಾಯಿತಿ ಇಲ್ಲ. ಕೊಟ್ಟವರಷ್ಟೇ ಅಲ್ಲ, ತೆಗೆದುಕೊಂಡವರೂ ತಪ್ಪಿತಸ್ಥರು. ಗೊತ್ತಿದ್ದೂ ಮಾಡಿದ್ದು, ವರ್ಷದಲ್ಲಿ 25,000 ಡಾಲರ್ ಮುಟ್ಟಿದ್ದು ಎಂದಾದರೆ ಐದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಮೈಸೂರಿನ ಒಂದು ಸೈಟಿನ ಬೆಲೆ ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ.

"ಚುನಾವಣೆಗಲ್ಲ, ಮಗಳಿಗೆ ಉಡುಗೊರೆ" ಎಂದು ಕಳಿಸಿದರೆ? ಈ ಪ್ರಶ್ನೆ ಬಂದೇ ಬರುತ್ತದೆ. ಕಾನೂನಿನ ಮಾತು ನೇರವಾಗಿಯೂ ಪರೋಕ್ಷವಾಗಿಯೂ ಕೊಡಬಾರದು ಎಂದಿದೆ. ನೀವು ಬ್ಯಾಂಕಿನಲ್ಲಿದ್ದವರು, ಜಾಡು ಹೇಗೆ ಉಳಿಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಇಲ್ಲಿ ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕಿಗೆ ಕೊಡುವ ಎ2 ಫಾರಂನಲ್ಲಿ ಉದ್ದೇಶ ಬರೆಯುತ್ತೀರಿ. ಅಲ್ಲಿ ವಿದೇಶದಲ್ಲಿರುವವರಿಂದ ವರ್ಷಕ್ಕೆ ಒಂದು ಲಕ್ಷ ಡಾಲರ್ ಮೀರಿ ಉಡುಗೊರೆ ಬಂದರೆ ಮಗಳು ತೆರಿಗೆ ಇಲಾಖೆಗೆ 3520 ಎಂಬ ಫಾರಂ ತುಂಬಬೇಕು. ಆಮೇಲೆ ಅವಳು "ಸ್ವಂತ ಹಣ" ಎಂದು ಪ್ರಚಾರದ ಖಾತೆಗೆ ಹಾಕಿಕೊಂಡ ಮೊತ್ತವೂ ಸಾರ್ವಜನಿಕ ದಾಖಲೆ. ಎದುರಾಳಿಯ ಕಡೆಯ ಒಬ್ಬ ಹುಡುಗ ಈ ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ಈಗಲೇ ಸೈಟನ್ನು ಅವಳ ಹೆಸರಿಗೆ ಮಾಡಿ, ಅವಳೇ ಮಾರಿದಂತೆ ತೋರಿಸುವುದೂ ಇದೇ ಹಳ್ಳಕ್ಕೆ ಬೀಳುವ ಇನ್ನೊಂದು ದಾರಿ. ಹಿಂದಿನಿಂದಲೂ ಅವಳ ಹೆಸರಿನಲ್ಲೇ ಇರುವ ಆಸ್ತಿಯಾದರೆ ವಿಷಯ ಬೇರೆ, ಅದು ಅವಳ ಹಣ. ನಿಮ್ಮದು ನಿಮ್ಮ ಹೆಸರಿನಲ್ಲಿದೆ ಎಂದು ಬರೆದಿದ್ದೀರಿ, ಹಾಗೇ ಇರಲಿ. ಚುನಾವಣೆ ಮುಗಿಯುವವರೆಗೆ ದೊಡ್ಡ ಮೊತ್ತ ಯಾವ ಹೆಸರಿನಲ್ಲೂ ಹೋಗದಿರಲಿ.

ಅವಳ ಸ್ನೇಹಿತರಿಗೂ ಇದೇ ನಿಯಮ. ಎಚ್-1ಬಿ ವೀಸಾದಲ್ಲಿರುವವರು ಹಣ ಕೊಡುವಂತಿಲ್ಲ, ಕರಪತ್ರದ ಪ್ರಿಂಟಿಂಗ್ ಬಿಲ್ ಕಟ್ಟುವಂತಿಲ್ಲ. ಸಂಬಳವಿಲ್ಲದೆ ಅವಳ ಜೊತೆ ಮನೆಮನೆಗೆ ಹೋಗಿ ಬಾಗಿಲು ತಟ್ಟಬಹುದು, ಫೋನ್ ಮಾಡಬಹುದು. ಹಣ ಹೇಗೆ ಖರ್ಚಾಗಬೇಕು ಎಂಬ ತೀರ್ಮಾನದಲ್ಲಿ ಮಾತ್ರ ಕೂರಬಾರದು. ಇನ್ನೊಂದು ಕಡೆ ನಮ್ಮವರು ಪದೇ ಪದೇ ಎಡವುತ್ತಾರೆ. ಟೆಕ್ಸಸ್‌ನಲ್ಲಿ ಕಾರ್ಪೊರೇಷನ್‌ಗಳು, ಅಂದರೆ ನೋಂದಾಯಿತ ಕಂಪನಿಗಳು, ಅಭ್ಯರ್ಥಿಗೆ ಹಣ ಕೊಡುವುದು ಗಂಭೀರ ಅಪರಾಧ. ಇಡ್ಲಿ ಹೋಟೆಲ್ ನಡೆಸುವ ಪರಿಚಯದವರು ಪ್ರೀತಿಯಿಂದ ಅಂಗಡಿಯ ಚೆಕ್‌ಬುಕ್ಕಿನಿಂದ 500 ಡಾಲರ್ ಬರೆದುಕೊಟ್ಟರೆ, ಆ ಅಂಗಡಿ ಇನ್‌ಕಾರ್ಪೊರೇಟ್ ಆಗಿದ್ದರೆ, ಇಬ್ಬರಿಗೂ ತೊಂದರೆ. ಚೆಕ್ ಕೈಗೆ ಬಂದಾಗ ಎಡಮೇಲ್ಮೂಲೆಯಲ್ಲಿ ಅಚ್ಚಾದ ಹೆಸರನ್ನು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು: ವ್ಯಕ್ತಿಯ ಹೆಸರೋ, 'ಇಂಕ್' ಎಂದು ಮುಗಿಯುತ್ತದೋ. ತೆರಿಗೆ ವಿನಾಯಿತಿ ಪಡೆದ ಕನ್ನಡ ಕೂಟ, ದೇವಸ್ಥಾನಗಳೂ ಹಣ ಕೊಡಲಾರವು. ರಾಜ್ಯೋತ್ಸವದ ವೇದಿಕೆಯಲ್ಲಿ "ನಮ್ಮ ಹುಡುಗಿಗೆ ವೋಟು ಹಾಕಿ" ಎಂದು ಕೂಟದ ಅಧ್ಯಕ್ಷರು ಘೋಷಿಸಿದರೆ ಕೂಟದ ವಿನಾಯಿತಿಗೇ ಕುತ್ತು. ವ್ಯಕ್ತಿಗಳು ಸ್ವಂತ ಖಾತೆಯಿಂದ ಕೊಡುವುದಕ್ಕೆ ಮಾತ್ರ, ಶಾಸನಸಭೆಯ ಚುನಾವಣೆಯಲ್ಲಿ, ಟೆಕ್ಸಸ್ ಮಿತಿಯನ್ನೇ ಇಟ್ಟಿಲ್ಲ.

ಈಗ ನೀವು ಕೇಳಿದ ಸುದ್ದಿಗಳು. ಹುಟ್ಟಿನಿಂದಲೇ ಅಮೆರಿಕದ ಪೌರರಾಗಿರಬೇಕು ಎಂಬ ಷರತ್ತು ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳಿಗೆ ಮಾತ್ರ. ಟೆಕ್ಸಸ್‌ನ ಕೆಳಮನೆಗೆ ನಿಲ್ಲಲು ಅಮೆರಿಕದ ಪೌರತ್ವ, 21 ವರ್ಷ ವಯಸ್ಸು, ರಾಜ್ಯದಲ್ಲಿ ಎರಡು ವರ್ಷ ಮತ್ತು ಆ ಕ್ಷೇತ್ರದಲ್ಲಿ ಒಂದು ವರ್ಷ ವಾಸ, ಮತದಾರರ ಪಟ್ಟಿಯಲ್ಲಿ ಹೆಸರು ಬೇಕು. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಷಿಗನ್ ರಾಜ್ಯದ ಕೆಳಮನೆಗೆ 2020ರಲ್ಲಿ ಆಯ್ಕೆಯಾದರು, 2022ರಲ್ಲಿ ಅಲ್ಲಿಂದಲೇ ಅಮೆರಿಕದ ಸಂಸತ್ತಿಗೆ ಹೋದರು. ಅದಕ್ಕೂ ಮೊದಲು 2018ರಲ್ಲಿ ಸ್ವಂತ ಹಣ ಬಹಳವಾಗಿ ಸುರಿದು ಗವರ್ನರ್ ಹುದ್ದೆಗೆ ಪಕ್ಷದೊಳಗಿನ ಸ್ಪರ್ಧೆಯಲ್ಲಿ ನಿಂತು ಮೂರನೆಯವರಾಗಿದ್ದರು. ಹಣದ ಚೀಲ ದೊಡ್ಡದಿದ್ದ ಮಾತ್ರಕ್ಕೆ ದೊಡ್ಡ ಹುದ್ದೆ ಸಿಗಲಿಲ್ಲ, ಚಿಕ್ಕ ಕ್ಷೇತ್ರದಿಂದ ಶುರು ಮಾಡಿದಾಗ ದಾರಿ ತೆರೆಯಿತು. ಮೇರಿಲ್ಯಾಂಡ್‌ನಲ್ಲಿ ಕುಮಾರ್ ಬರ್ವೆ 1990ರಲ್ಲೇ ಗೆದ್ದು ಮೂರು ದಶಕಕ್ಕೂ ಹೆಚ್ಚು ಕಾಲ ರಾಜ್ಯ ಶಾಸಕರಾಗಿದ್ದರು. ನಿಮ್ಮ ಮಗಳ ರಾಜ್ಯಕ್ಕೇ ಬಂದರೆ, ಪಾಕಿಸ್ತಾನ ಮೂಲದ ಸುಲೇಮಾನ್ ಲಲಾನಿ ಮತ್ತು ಸಲ್ಮಾನ್ ಭೋಜಾನಿ 2022ರಲ್ಲಿ ಟೆಕ್ಸಸ್ ಕೆಳಮನೆಗೆ ಗೆದ್ದರು. ಅವರಲ್ಲಿ ಭೋಜಾನಿ ಮೊದಲು ಯೂಲೆಸ್ ಎಂಬ ಊರಿನ ನಗರಸಭೆಯಲ್ಲಿದ್ದವರು.

ಟಿಕೆಟ್‌ಗೆ ಯಾರಿಗೂ ಏನೂ ಕೊಡಬೇಕಾಗಿಲ್ಲ. ಹೈಕಮಾಂಡ್ ಬಿ ಫಾರಂ ಕೊಡುವ ಪದ್ಧತಿ ಅಲ್ಲಿಲ್ಲ. ಅರ್ಜಿಗೆ 750 ಡಾಲರ್ ಶುಲ್ಕ ಕಟ್ಟಿ, ಅಥವಾ ಅದರ ಬದಲು ಮತದಾರರ 500 ಸಹಿ ತಂದು, ಯಾರು ಬೇಕಾದರೂ ಪಕ್ಷದ 'ಪ್ರೈಮರಿ'ಗೆ ಇಳಿಯಬಹುದು. ಪಕ್ಷದ ಅಭ್ಯರ್ಥಿ ಯಾರು ಎಂದು ಮತದಾರರೇ ವೋಟು ಹಾಕಿ ತೀರ್ಮಾನಿಸುತ್ತಾರೆ. ಈಗಿನ ಕಾನೂನಿನ ಪ್ರಕಾರ 2028ರ ಚುನಾವಣೆಗೆ ಅರ್ಜಿ ಹಾಕಲು ಕೊನೆಯ ದಿನ 2027ರ ಡಿಸೆಂಬರ್ 13. ಪ್ರೈಮರಿ 2028ರ ಮಾರ್ಚ್ 7ಕ್ಕೆ. ಅಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲಿಬ್ಬರ ನಡುವೆ ಮೇ 23ಕ್ಕೆ ಮರುಸುತ್ತು. ಕೊನೆಯ ಚುನಾವಣೆ ನವೆಂಬರ್ 7. ಅಂದರೆ ಗೆದ್ದರೂ ಸೋತರೂ ಒಂದು ವರ್ಷದ ಓಡಾಟ.

ಒಂದು ಕಾಗದವನ್ನು ಮಾತ್ರ ಎಲ್ಲಕ್ಕಿಂತ ಮೊದಲು ಸಲ್ಲಿಸಬೇಕು: ಪ್ರಚಾರಕ್ಕೆ ಖಜಾಂಚಿಯನ್ನು ನೇಮಿಸಿದ ಪತ್ರ, ಚುನಾವಣಾ ಹಣದ ಲೆಕ್ಕ ನೋಡುವ ಟೆಕ್ಸಸ್ ಎಥಿಕ್ಸ್ ಕಮಿಷನ್‌ಗೆ. ಅವಳೇ ತನ್ನ ಖಜಾಂಚಿಯಾಗಬಹುದು. ಅದು ಸಲ್ಲಿಕೆಯಾಗುವ ಮುನ್ನ ಒಂದು ಡಾಲರ್ ಪಡೆಯುವಂತಿಲ್ಲ, ಖರ್ಚು ಮಾಡುವಂತಿಲ್ಲ. 750 ಡಾಲರ್ ಶುಲ್ಕವೂ ಪ್ರಚಾರದ ಖರ್ಚೇ, ಆದ್ದರಿಂದ ಪತ್ರ ಮೊದಲು, ಶುಲ್ಕ ಆಮೇಲೆ. ಉತ್ಸಾಹದಲ್ಲಿ ವೆಬ್‌ಸೈಟಿನ ಹೆಸರು ಕೊಂಡು, ಪೋಸ್ಟರ್ ಮಾಡಿಸಿ, ಕೊನೆಗೆ ಪತ್ರ ಹಾಕುವವರು ಮೊದಲ ಹೆಜ್ಜೆಯಲ್ಲೇ ದೂರಿಗೆ ಅವಕಾಶ ಮಾಡಿಕೊಡುತ್ತಾರೆ. ನಂತರ ಆಸ್ತಿಪಾಸ್ತಿಯ ವಿವರವನ್ನೂ ಸಲ್ಲಿಸಬೇಕು. ಭಾರತದಲ್ಲಿ ಅವಳಿಗೆ ಪಾಲಿರುವ ಮನೆ, ಜಮೀನು ಇದ್ದರೆ ಅದೂ ಅದರಲ್ಲಿ ಬರಬೇಕು. ಈ ಬಗ್ಗೆ ನೀವಿಬ್ಬರೂ ಕೂತು ಪಟ್ಟಿ ಮಾಡಿಕೊಟ್ಟರೆ ಅವಳಿಗೆ ದೊಡ್ಡ ಸಹಾಯ.

ಸಂಬಳದ ವಿಷಯದಲ್ಲಿ ನೀವು ಕೇಳಿದ್ದು ನಿಜ. 600 ಡಾಲರ್ ಎಂದು 1975ರಲ್ಲಿ ರಾಜ್ಯದ ಸಂವಿಧಾನಕ್ಕೇ ಬರೆದಿಟ್ಟಿದ್ದಾರೆ. ಏರಿಸಬೇಕೆಂದರೆ ಮತದಾರರು ಒಪ್ಪಬೇಕು, ಹಾಗಾಗಿ ಅರ್ಧ ಶತಮಾನವಾದರೂ ಅಷ್ಟೇ ಇದೆ. ವರ್ಷಕ್ಕೆ 7,200 ಡಾಲರ್. ಅಧಿವೇಶನದ ದಿನಗಳಿಗೆ ಪ್ರತ್ಯೇಕ ದಿನಭತ್ಯೆ ಇದೆ, 2023ರಲ್ಲಿ ದಿನಕ್ಕೆ 221 ಡಾಲರ್ ಇತ್ತು. ಎರಡು ವರ್ಷಕ್ಕೊಮ್ಮೆ ಬೆಸ ವರ್ಷದಲ್ಲಿ ನಡೆಯುವ ಅಧಿವೇಶನದ 140 ದಿನಕ್ಕೆ 30,940. ಎರಡೂ ಸೇರಿದರೆ ಅಧಿವೇಶನದ ವರ್ಷ 38,140 ಡಾಲರ್, ಮರುವರ್ಷ ಬರೀ 7,200. ಎಲ್ಲ ರಾಜ್ಯಗಳೂ ಹೀಗಿಲ್ಲ. ನ್ಯೂಯಾರ್ಕ್‌ನಲ್ಲಿ 2023ರಿಂದ ವರ್ಷಕ್ಕೆ 1,42,000 ಡಾಲರ್, ಅದು ಪೂರ್ಣಾವಧಿ ಕೆಲಸ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ವರ್ಷಕ್ಕೆ 100 ಡಾಲರ್, ಅಷ್ಟೇ! ಶಾಸಕ ಎಂದರೆ ರೈತ, ವಕೀಲ, ವ್ಯಾಪಾರಿ, ಎರಡು ವರ್ಷಕ್ಕೊಮ್ಮೆ ರಾಜಧಾನಿಗೆ ಬಂದು ಕಾನೂನು ಮಾಡಿ ಊರಿಗೆ ಹಿಂದಿರುಗುವ ನಾಗರಿಕ ಎಂಬ ಹಳೆಯ ಕಲ್ಪನೆ ಟೆಕ್ಸಸ್‌ನಲ್ಲಿ ಇನ್ನೂ ಕಾನೂನಾಗಿ ಉಳಿದಿದೆ. ಕಲ್ಪನೆ ಚೆನ್ನಾಗಿದೆ. ಆದರೆ ಅದರ ಫಲವಾಗಿ, ತಿಂಗಳ ಸಂಬಳ ನೆಚ್ಚಿಕೊಂಡವರಿಗೆ ಬಾಗಿಲು ಕಿರಿದಾಗಿದೆ. ಇದು ಆ ವ್ಯವಸ್ಥೆಯ ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಆದ್ದರಿಂದ ಕೆಲಸ 'ಬಿಡುವ' ಪ್ರಶ್ನೆಯೇ ಏಳಬಾರದು. ಅವಳು ಕಂಪನಿಯೊಂದಿಗೆ ಮಾಡಿಕೊಳ್ಳುವ ಒಪ್ಪಂದ ಅರ್ಜಿ ಹಾಕುವುದಕ್ಕಿಂತ ಮೊದಲಾಗಬೇಕು, ಬಾಯಿಮಾತಿನಲ್ಲಲ್ಲ, ಬರವಣಿಗೆಯಲ್ಲಿ. ಬೆಸ ವರ್ಷದ ಜನವರಿಯಿಂದ ಮೇ ಕೊನೆಯವರೆಗೆ ಸಂಬಳವಿಲ್ಲದ ರಜೆ, ಆ ಅವಧಿಯಲ್ಲಿ ಆರೋಗ್ಯ ವಿಮೆ ಯಾರ ಮೂಲಕ, ಹಿಂದಿರುಗಿದಾಗ ಯಾವ ಹುದ್ದೆ ಎಂಬುದು ಅದರಲ್ಲಿರಲಿ. ಇಷ್ಟರಿಂದಲೂ ಮುಗಿಯುವುದಿಲ್ಲ. ಗವರ್ನರ್ ಯಾವಾಗ ಬೇಕಾದರೂ 30 ದಿನದವರೆಗಿನ ವಿಶೇಷ ಅಧಿವೇಶನ ಕರೆಯಬಹುದು, ಒಂದರ ಹಿಂದೆ ಒಂದು ಕರೆಯಬಹುದು. 2021ರಲ್ಲಿ ಮೂರು, 2023ರಲ್ಲಿ ನಾಲ್ಕು ಕರೆದರು. "ಐದು ತಿಂಗಳು ರಜೆ" ಎಂದು ಒಪ್ಪಿದ ಮ್ಯಾನೇಜರ್, ಅವಳು ಜುಲೈಯಲ್ಲಿ ಮತ್ತೆ ರಜೆ ಕೇಳಿದಾಗ ಮುಖ ತಿರುಗಿಸುವುದು ಇದರಿಂದಲೇ. ಕಂಪನಿ ಟೆಕ್ಸಸ್ ಸರ್ಕಾರಕ್ಕೆ ಏನನ್ನಾದರೂ ಮಾರುತ್ತಿದ್ದರೆ ವಕೀಲರನ್ನು ಕಾಣಬೇಕು. ಸದಸ್ಯರು ತಾವು ಇದ್ದಾಗ ಆದ ಕಾನೂನಿನಿಂದ ಹುಟ್ಟಿದ ಸರ್ಕಾರಿ ಗುತ್ತಿಗೆಯಲ್ಲಿ ಲಾಭದ ಪಾಲು ಹೊಂದುವಂತಿಲ್ಲ. ಅಲ್ಲಿನ ಸದನದಲ್ಲಿ ವಕೀಲರು ಇಷ್ಟೊಂದು ಇರಲು ಒಂದು ಕಾರಣ, ಅಧಿವೇಶನ ನಡೆಯುವಾಗ ಅವರ ಕೇಸುಗಳನ್ನು ಕೋರ್ಟು ಮುಂದೂಡಬೇಕೆಂಬ ಕಾನೂನಿದೆ. ಸಾಫ್ಟ್‌ವೇರ್ ರಿಲೀಸ್ ಮುಂದೂಡಲು ಅಂಥ ಕಾನೂನಿಲ್ಲ.

ಫ್ರಿಸ್ಕೋದಿಂದ ರಾಜಧಾನಿ ಆಸ್ಟಿನ್‌ಗೆ ಕಾರಿನಲ್ಲಿ ನಾಲ್ಕು ಗಂಟೆ ಹತ್ತಿರ. ದಿನಾ ಓಡಾಡಲಾಗದು, ಅಲ್ಲೊಂದು ಬಾಡಿಗೆ ಮನೆ ಬೇಕು. ಆ ಬಾಡಿಗೆ, ಕರೆಂಟು, ನೀರಿನ ಖರ್ಚನ್ನು ಪ್ರಚಾರಕ್ಕೆ ಬಂದ ದೇಣಿಗೆಯಿಂದ ಕಟ್ಟಲು ಕಾನೂನು ಬಿಡುತ್ತದೆ. ಮನೆ ಕೊಳ್ಳಲು ಬಿಡುವುದಿಲ್ಲ. ಅಧಿವೇಶನಕ್ಕೆ 30 ದಿನ ಮುಂಚಿನಿಂದ ಅದು ಮುಗಿಯುವವರೆಗೆ ದೇಣಿಗೆ ಪಡೆಯುವುದೇ ನಿಷಿದ್ಧ, ಹಾಗಾಗಿ ಅಷ್ಟೂ ತಿಂಗಳ ಬಾಡಿಗೆಗೆ ಬೇಕಾದ್ದು ಡಿಸೆಂಬರ್ ಮೊದಲ ವಾರದೊಳಗೆ ಖಾತೆಯಲ್ಲಿರಬೇಕು.

ಇನ್ನು ಆ ಕೆಲಸ ಎಂಥದ್ದು? ನಮ್ಮ ಎಂಎಲ್‌ಎ ಚಿತ್ರವನ್ನು ಮನಸ್ಸಿನಿಂದ ಸ್ವಲ್ಪ ಪಕ್ಕಕ್ಕಿಡಿ. 150 ಸದಸ್ಯರ ಕೆಳಮನೆ, ಒಬ್ಬೊಬ್ಬರಿಗೆ ಸುಮಾರು 1,94,000 ಜನರ ಕ್ಷೇತ್ರ, ಎರಡೇ ವರ್ಷದ ಅವಧಿ. ಶಾಸಕರು ಮಂತ್ರಿಯಾಗುವುದಿಲ್ಲ, ಗವರ್ನರ್ ಬೇರೆಯಾಗಿಯೇ ಆಯ್ಕೆಯಾಗುತ್ತಾರೆ, ಸರ್ಕಾರ ಬೀಳುವುದಿಲ್ಲ, ಪಕ್ಷಾಂತರ ಕಾಯ್ದೆ ಇಲ್ಲ. ನಮ್ಮಲ್ಲಿ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಕ್ಷೇತ್ರಾಭಿವೃದ್ಧಿ ನಿಧಿ ಇದೆಯಲ್ಲ, ಅಂಥದ್ದೂ ಇಲ್ಲ. ಬೀದಿಯ ಗುಂಡಿ, ಚರಂಡಿ ಎಲ್ಲ ನಗರಸಭೆಯ ಪಾಲು. ಶಾಸಕರ ಕೈಯಲ್ಲಿರುವುದು ರಾಜ್ಯದ ಬಜೆಟ್, ಶಾಲೆಗಳ ಅನುದಾನದ ಸೂತ್ರ, ಆಸ್ತಿ ತೆರಿಗೆಯ ನಿಯಮ, ವಿಮೆ, ವಿದ್ಯುತ್ ಜಾಲ.

140 ದಿನಗಳ ಲಯವೇ ವಿಚಿತ್ರ. ಮೊದಲ 60 ದಿನ ಮಸೂದೆ ಮಂಡನೆ, ಸಮಿತಿ, ವಿಚಾರಣೆ ಎಂದು ನಿಧಾನ. 60ನೇ ದಿನ ದಾಟಿದ ಮೇಲೆ ಸಾಮಾನ್ಯ ಮಸೂದೆ ಮಂಡಿಸಲು ಐದರಲ್ಲಿ ನಾಲ್ಕು ಪಾಲು ಸದಸ್ಯರ ಒಪ್ಪಿಗೆ ಬೇಕು. ಸಾವಿರಾರು ಮಸೂದೆ ಬರುತ್ತವೆ, ಬಹುಪಾಲು ಮತಕ್ಕೇ ಬರದೆ ಸಾಯುತ್ತವೆ. ಸಮಿತಿಯಲ್ಲಿ ಗೆದ್ದ ಮಸೂದೆಯೂ 'ಕ್ಯಾಲೆಂಡರ್ಸ್' ಎಂಬ ಇನ್ನೊಂದು ಸಮಿತಿಯ ಮೂಲಕ ಹಾದು ಬರಬೇಕು. ಯಾವುದು ಯಾವ ದಿನ ಸದನಕ್ಕೆ ಬರಬೇಕು ಎಂದು ನಿರ್ಧರಿಸುವುದು ಅದು. ಅಲ್ಲಿ ಸುಮ್ಮನೆ ಕೂರಿಸಿಬಿಟ್ಟರೆ ಯಾರೂ ವಿರೋಧಿಸದೆಯೇ ಮಸೂದೆ ಮುಗಿಯಿತು. ಹೊಸ ಸದಸ್ಯರು ಭಾಷಣಕ್ಕೆ ತಯಾರಾಗುತ್ತಾರೆ, ಅನುಭವಿಗಳು ಈ ಸಮಿತಿಯ ಸದಸ್ಯರ ಆಫೀಸುಗಳಿಗೆ ಕಾಲು ಸವೆಸುತ್ತಾರೆ.

ಇದೆಲ್ಲ ಒಂದೇ ಕಡೆ ಕಾಣುವುದು 122ನೇ ದಿನ ರಾತ್ರಿ. ಕೆಳಮನೆಯ ಮಸೂದೆಗಳು ಎರಡನೇ ಓದನ್ನು (ಸದನದ ಚರ್ಚೆ, ಮತದಾನದ ಹಂತ) ಅವತ್ತು ನಡುರಾತ್ರಿಯೊಳಗೆ ದಾಟಬೇಕು. ಗೋಡೆಯ ದೊಡ್ಡ ಬೋರ್ಡಿನಲ್ಲಿ ಸದಸ್ಯರ ಹೆಸರಿನ ಪಕ್ಕ ಹಸಿರು, ಕೆಂಪು ದೀಪ ಹತ್ತುತ್ತಿರುತ್ತದೆ. ಹಾಜರಿದ್ದೂ ಮತ ಹಾಕದವರಿಗೆ ಬಿಳಿ. ಮುಂದಿನ ಮೈಕಿನಲ್ಲಿ ಮಸೂದೆ ಮಂಡಿಸಿದವರು, ಹಿಂದಿನ ಮೈಕಿನಲ್ಲಿ ಪ್ರಶ್ನೆ ಕೇಳುವವರು. ಪಟ್ಟಿಯಲ್ಲಿ ಕೆಳಗಿರುವ ಯಾವುದೋ ಮಸೂದೆ ಬರಬಾರದೆಂದು ಯಾರಿಗೂ ತಕರಾರಿಲ್ಲದ ಮಸೂದೆಯ ಮೇಲೆಯೇ ಹತ್ತತ್ತು ನಿಮಿಷ ಮಾತಾಡುತ್ತಾ ಹೊತ್ತು ಕಳೆಯುತ್ತಾರೆ. ಇದಕ್ಕೆ ಅಲ್ಲಿ 'ಚಬ್ಬಿಂಗ್' ಎಂದೇ ಹೆಸರು. ಇನ್ನು ಕೆಲವರು ಕಾಗದದಲ್ಲಿ ತಪ್ಪು ಹುಡುಕುತ್ತಾರೆ: ಮಸೂದೆಯ ಜೊತೆಗಿರುವ ವಿವರಣೆಯಲ್ಲಿ ಒಂದು ಸಾಲು ದಾರಿ ತಪ್ಪಿಸುವಂತಿದ್ದರೂ 'ಪಾಯಿಂಟ್ ಆಫ್ ಆರ್ಡರ್', ಅಂದರೆ ನಿಯಮ ಮುರಿದಿದೆ ಎಂಬ ಆಕ್ಷೇಪ, ಎತ್ತಿ ಬೀಳಿಸಬಹುದು. ಐದು ತಿಂಗಳ ಕೆಲಸ ಒಂದು ಸಾಲಿನಿಂದ ಹೋಗುತ್ತದೆ. ಸಾಲುಸಾಲು ಕೋಡ್ ತಿದ್ದಿ ಅಭ್ಯಾಸವಿರುವ ನಿಮ್ಮ ಮಗಳಿಗೆ ಈ ಶಿಸ್ತು ಹೊಸದಲ್ಲ, ಇಲ್ಲಿ ಅವಳಿಗೆ ನಿಜವಾದ ಅನುಕೂಲವಿದೆ.

ಅಧಿವೇಶನ ಮುಗಿದ ಮೇಲೆ ಊರಲ್ಲಿ ಜನರ ಅರ್ಜಿಗಳ ಕೆಲಸ. ನಿರುದ್ಯೋಗ ಭತ್ಯೆ ತಡೆಹಿಡಿದಿದ್ದಾರೆ, ಲೈಸೆನ್ಸ್ ಬಂದಿಲ್ಲ, ಅಮ್ಮನ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ನಿಂತಿದೆ ಎಂದು ಬರುವವರ ಪರವಾಗಿ ಇಲಾಖೆಗಳಿಗೆ ಫೋನು. ಮರುವರ್ಷವೇ ಮತ್ತೆ ಪ್ರೈಮರಿ. ಅವಧಿಗಳಿಗೆ ಮಿತಿ ಇಲ್ಲ. ಪಿಂಚಣಿ ಇದೆ, ಆದರೆ ಎಂಟು ವರ್ಷ ಪೂರೈಸಿದವರಿಗೆ 60ರ ನಂತರ, 12 ವರ್ಷ ಪೂರೈಸಿದವರಿಗೆ 50ರ ನಂತರ. ಅದನ್ನು 600 ಡಾಲರ್ ಸಂಬಳದಿಂದಲ್ಲ, ಅದಕ್ಕಿಂತ ಬಹಳ ದೊಡ್ಡ ಮೊತ್ತದ ಆಧಾರದಲ್ಲಿ ಲೆಕ್ಕ ಹಾಕುತ್ತಾರೆ. ಹಣ ಎಂದು ಬರುವುದು ಅಲ್ಲಿ ಮಾತ್ರ.

ಅವಳ ಮುಂದಿರುವ ದಾರಿಗಳು ಎರಡು. 2028ಕ್ಕೆ ನೇರವಾಗಿ ಇಳಿಯುವುದು ಒಂದು. ಹಾಗಿದ್ದರೆ ಮೊದಲು ಕ್ಷೇತ್ರದ ಹಿಂದಿನ ಎರಡು ಪ್ರೈಮರಿಗಳ ಫಲಿತಾಂಶ ತೆಗೆದುನೋಡಲಿ, ಚುನಾವಣಾ ಕಚೇರಿಯಲ್ಲಿ ಎಲ್ಲರಿಗೂ ಸಿಗುತ್ತದೆ. ಅವಳ ಪಕ್ಷದ ಪ್ರೈಮರಿಯಲ್ಲಿ 18,000 ಮತ ಬಿದ್ದಿದ್ದರೆ ಗುರಿ 9,001. ಮನೆಮನೆ ಪ್ರಚಾರದಲ್ಲಿ ಒಬ್ಬರು ಗಂಟೆಗೆ 15 ಬಾಗಿಲು ತಟ್ಟಿದರೆ ನಾಲ್ಕೈದು ತೆರೆದರೆ ಹೆಚ್ಚು. ಸಂಜೆ ಎರಡು ಗಂಟೆ, ವಾರಾಂತ್ಯ ಪೂರ್ತಿ, ಹತ್ತು ಜನ ಸ್ವಯಂಸೇವಕರು ಎಂದು ಗುಣಿಸಿ ನೋಡಿದರೆ ಎಷ್ಟು ತಿಂಗಳು ಬೇಕೆಂದು ಕಾಗದದ ಮೇಲೆಯೇ ಕಾಣುತ್ತದೆ. ಕನ್ನಡಿಗರ, ಭಾರತೀಯರ ಮತದಿಂದಲೇ ಗೆಲ್ಲುತ್ತೇನೆ ಎಂಬ ಲೆಕ್ಕ ಹಾಕಬಾರದು. ಅವರಲ್ಲಿ ಎಷ್ಟೋ ಜನಕ್ಕೆ ಮತದ ಹಕ್ಕೇ ಇರುವುದಿಲ್ಲ, ಇದ್ದವರಲ್ಲೂ ಪ್ರೈಮರಿಗೆ ಹೋಗುವವರು ಕಡಿಮೆ.

ಇನ್ನೊಂದು ದಾರಿ ಸ್ಕೂಲ್ ಬೋರ್ಡ್ ಅಥವಾ ನಗರಸಭೆ. ಪಕ್ಷದ ಚಿಹ್ನೆ ಇಲ್ಲದ ಚುನಾವಣೆ, ಸಭೆಗಳು ಸಂಜೆ, ಕೆಲಸವೂ ಉಳಿಯುತ್ತದೆ, ಊರಿಗೆ ಮುಖ ಪರಿಚಯವಾಗುತ್ತದೆ. ಮಕ್ಕಳು ಶಾಲೆಯಲ್ಲಿರುವಾಗ ಸ್ಕೂಲ್ ಬೋರ್ಡ್ ನನಗೆ ಹೆಚ್ಚು ಸರಿ ಎನಿಸುತ್ತದೆ. ನಗರಸಭೆಗೆ ಹೋಗುವುದಾದರೆ ಒಂದು ಸೂಕ್ಷ್ಮ ಗೊತ್ತಿರಲಿ. ಸದಸ್ಯರ ಅವಧಿ ಎರಡು ವರ್ಷ ಮೀರಿರುವ ಊರುಗಳಲ್ಲಿ, ಅವಧಿ ಇನ್ನೂ ಒಂದು ವರ್ಷ 30 ದಿನಕ್ಕಿಂತ ಹೆಚ್ಚು ಉಳಿದಿರುವಾಗ ಬೇರೆ ಹುದ್ದೆಗೆ ನಿಲ್ಲುತ್ತೇನೆ ಎಂದು ಘೋಷಿಸಿದರೆ, ಆ ಘೋಷಣೆಯೇ ರಾಜೀನಾಮೆ. ಅಭಿಮಾನಿಗಳ ಊಟದಲ್ಲಿ ಬಾಯಿ ತಪ್ಪಿ ಆಡಿದ ಮಾತಿಗೂ ಸೀಟು ಹೋಗುವ ಅಪಾಯವಿದೆ.

ನಿಮ್ಮಿಬ್ಬರಿಂದ ಅವಳಿಗೆ ಏನಾಗಬೇಕು ಎಂದರೆ, ಮನೆ. ಗೆದ್ದರೆ ಅವಳ ಮೊದಲ ಅಧಿವೇಶನ 2029ರ ಜನವರಿ 9ರಿಂದ ಮೇ 28ರವರೆಗೆ. ವಾರಕ್ಕೆ ನಾಲ್ಕು ರಾತ್ರಿ ಅವಳು ಆಸ್ಟಿನ್‌ನಲ್ಲಿರುತ್ತಾಳೆ, ಅಳಿಯ ಆಫೀಸು, ಮಕ್ಕಳು ಎರಡನ್ನೂ ಒಬ್ಬರೇ ನೋಡಿಕೊಳ್ಳಬೇಕು. ಸಂದರ್ಶಕ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ, 140 ದಿನ ಅದರೊಳಗೆ ಬರುತ್ತದೆ. ಮೊಮ್ಮಕ್ಕಳಿಗೆ ಅಡುಗೆ ಮಾಡಿ ಹಾಕುವುದಕ್ಕೆ, ಶಾಲೆಯ ಬಸ್ಸಿನವರೆಗೆ ನಡೆದುಹೋಗುವುದಕ್ಕೆ ಯಾವ ಚುನಾವಣಾ ಕಾನೂನೂ ಅಡ್ಡ ಬರುವುದಿಲ್ಲ. ವೀಸಾ ಅವಧಿ ಈಗಲೇ ನೋಡಿಕೊಳ್ಳಿ, ಮುಗಿದಿದ್ದರೆ ಸಂದರ್ಶನದ ತಾರೀಖು ಸಿಗಲು ತಿಂಗಳುಗಳೇ ಹಿಡಿಯಬಹುದು. ಟಿಕೆಟ್ ಜನವರಿ ಮೊದಲ ವಾರಕ್ಕೆ ಮಾಡಿಸಿ. ಹಿಂದಿರುಗುವ ದಿನಾಂಕವನ್ನು ಜೂನ್ ಮಧ್ಯಕ್ಕೆ ಇಟ್ಟು, ಬದಲಿಸಲು ಬರುವಂಥ ಟಿಕೆಟ್ಟನ್ನೇ ತೆಗೆದುಕೊಳ್ಳಿ. ಮೇ 28ರ ಮರುದಿನವೇ ಗವರ್ನರ್ ವಿಶೇಷ ಅಧಿವೇಶನ ಕರೆದರೂ ಕರೆದರು.